ಒಂದೇ ವಿತರಣೆ, ಹಲವು ಇನಿಟ್‌ಗಳು

ಮೊದಲ ಪ್ರೊಸೆಸ್

ಲಿನಕ್ಸ್ ಕಂಪ್ಯೂಟರ್ ಚಾಲೂ ಆದಾಗ ಮೊದಲು ಫರ್ಮ್‌ವೇರ್ ಕೆಲಸ ಶುರು ಮಾಡುತ್ತದೆ. ಅದು ಬೂಟ್‌ಲೋಡರಿಗೆ ದಾರಿ ಬಿಡುತ್ತದೆ. ಬೂಟ್‌ಲೋಡರ್ ಕರ್ನಲನ್ನು ಮೆಮೊರಿಗೆ ತರುತ್ತದೆ. ಕರ್ನಲ್ ಯಂತ್ರಾಂಶವನ್ನು ಗುರುತಿಸಿ, ಡಿಸ್ಕಿನ ಮೂಲ ಕಡತಕೋಶವನ್ನು ಜೋಡಿಸಿಕೊಂಡ ಮೇಲೆ ಒಂದೇ ಒಂದು ಪ್ರೊಗ್ರಾಮನ್ನು ಓಡಿಸಿ, ಮುಂದಿನದನ್ನೆಲ್ಲ ಅದಕ್ಕೆ ಒಪ್ಪಿಸುತ್ತದೆ. ಆ ಪ್ರೊಗ್ರಾಮನ್ನು ಇನಿಟ್ ಎನ್ನುತ್ತಾರೆ. ಅದರ ಪ್ರೊಸೆಸ್ ಸಂಖ್ಯೆ ಯಾವಾಗಲೂ 1. ಲಾಗಿನ್ ಪರದೆ, ನೆಟ್‌ವರ್ಕ್, ಪ್ರಿಂಟರ್ ಸೇವೆ, ಡೇಟಾಬೇಸ್, ಬ್ರೌಸರ್ ಹೀಗೆ ಬಳಕೆದಾರರಿಗೆ ಕಾಣುವ ಎಲ್ಲ ಪ್ರೊಸೆಸ್‌ಗಳೂ ಇದರ ಮಕ್ಕಳು, ಮೊಮ್ಮಕ್ಕಳು.

ಈ ಒಂದನೆಯ ಪ್ರೊಸೆಸ್ಸಿಗೆ ಕರ್ನಲ್ ಕೆಲವು ವಿಶೇಷ ಕಟ್ಟಳೆಗಳನ್ನು ಹಾಕಿದೆ. ಯಾವುದೇ ಪ್ರೊಸೆಸ್ಸಿನ ಹೆತ್ತ ಪ್ರೊಸೆಸ್ ಮೊದಲೇ ಮುಗಿದುಹೋದರೆ, ಅನಾಥವಾದುದನ್ನು ಸಾಮಾನ್ಯವಾಗಿ ಇನಿಟ್ ತನ್ನ ಮಡಿಲಿಗೆ ತೆಗೆದುಕೊಳ್ಳುತ್ತದೆ. ಮುಗಿದ ಪ್ರೊಸೆಸ್ಸಿನ ಕೊನೆಯ ಲೆಕ್ಕವನ್ನು ಓದಿ, ಕರ್ನಲಿನ ಪಟ್ಟಿಯಿಂದ ಅದರ ಹೆಸರು ಅಳಿಯುವಂತೆ ಮಾಡುವುದೂ ಇದರ ಹೊಣೆ. ಆ ಲೆಕ್ಕ ಓದದಿದ್ದರೆ ಸತ್ತ ಪ್ರೊಸೆಸ್‌ಗಳ ಹೆಸರುಗಳು ಪಟ್ಟಿಯಲ್ಲಿ ಉಳಿಯುತ್ತ ಹೋಗುತ್ತವೆ. ಅವಕ್ಕೆ ಜೋಂಬಿ ಎಂಬ ಹೆಸರಿದೆ. ಇನಿಟ್ ತಾನಾಗಿ ಒಪ್ಪಿಕೊಂಡ ಸಂಕೇತಗಳನ್ನು ಬಿಟ್ಟರೆ ಬೇರೆ ಯಾವ ಸಂಕೇತದಿಂದಲೂ ಅದನ್ನು ಕೊಲ್ಲಲು ಕರ್ನಲ್ ಬಿಡುವುದಿಲ್ಲ. ಅದು ತನ್ನದೇ ದೋಷದಿಂದ ಬಿದ್ದರೆ ಕರ್ನಲ್ ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ಬ್ರೌಸರ್ ಬಿದ್ದರೆ ಮತ್ತೆ ತೆರೆಯಬಹುದು. ಇನಿಟ್ ಬಿದ್ದರೆ ಯಂತ್ರವನ್ನೇ ಹೊಸದಾಗಿ ಚಾಲೂ ಮಾಡಬೇಕು.

ಆದರೆ ಆ ಪ್ರೊಗ್ರಾಮ್ ಯಾವುದಿರಬೇಕು ಎಂದು ಕರ್ನಲ್ ಹೇಳುವುದಿಲ್ಲ. ಗೊತ್ತಾದ ಜಾಗದಲ್ಲಿ ಇನಿಟ್ ಎಂಬ ಹೆಸರಿನಲ್ಲಿ ಏನಿದೆಯೋ ಅದನ್ನು ಓಡಿಸುತ್ತದೆ. ಬೂಟ್‌ಲೋಡರ್ ಬೇರೆ ಹೆಸರು ಸೂಚಿಸಿದರೆ ಅದನ್ನು. ಹಾಗಾಗಿ ಇನಿಟನ್ನು ಬದಲಿಸುವುದು ಕರ್ನಲಿನ ಕಡೆಯಿಂದ ತೀರ ಸುಲಭ. ಕಷ್ಟವೆಲ್ಲ ಇನ್ನೊಂದು ಕಡೆ ಇದೆ. ಡೆಬಿಯನ್ನಿನಂತಹ ವಿತರಣೆಯಲ್ಲಿ ಹತ್ತಾರು ಸಾವಿರ ಪ್ಯಾಕೇಜುಗಳಿವೆ. ಸೇವೆ ಒದಗಿಸುವ ಪ್ರತಿ ಪ್ಯಾಕೇಜೂ ತನ್ನನ್ನು ಹೇಗೆ ಆರಂಭಿಸಬೇಕು, ಹೇಗೆ ನಿಲ್ಲಿಸಬೇಕು ಎಂಬುದನ್ನು ಯಾವುದೋ ಒಂದು ಇನಿಟ್ಟಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಂಡಿರುತ್ತದೆ. ಪರ್ಯಾಯ ಇನಿಟ್ಟಿಗೆ ಬೆಂಬಲ ಕೊಡುವುದೆಂದರೆ ಆ ಎಲ್ಲ ಪ್ಯಾಕೇಜುಗಳೂ ಎರಡನೆಯ ಭಾಷೆಯನ್ನೂ ಕಲಿಯುವುದು, ಕಲಿತದ್ದನ್ನು ಮರೆಯದೆ ಇರುವುದು.

ಆರಂಭದ ಕ್ರಮ

ಸೇವೆಗಳನ್ನು ಮನಸ್ಸಿಗೆ ಬಂದ ಕ್ರಮದಲ್ಲಿ ಆರಂಭಿಸಲಾಗದು. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ತೊಗರಿ ಬೇಳೆ ಮಿಲ್ಲಿನಲ್ಲಿ ಯಂತ್ರಗಳನ್ನು ಚಾಲೂ ಮಾಡುವಾಗಲೂ ಇದೇ ಪ್ರಶ್ನೆ. ಜರಡಿ, ಎಲಿವೇಟರ್, ಸಿಪ್ಪೆ ತೆಗೆಯುವ ರೋಲರ್ ಸಾಲಾಗಿ ನಿಂತಿರುತ್ತವೆ. ಕಾಳು ಬಂದು ಬೀಳುವ ಯಂತ್ರ ಮೊದಲು ತಿರುಗುತ್ತಿರಬೇಕು, ಕಾಳು ಕಳಿಸುವ ಯಂತ್ರ ಆಮೇಲೆ. ಇಲ್ಲದಿದ್ದರೆ ಮಧ್ಯದಲ್ಲಿ ಕಾಳು ಕಟ್ಟಿಕೊಳ್ಳುತ್ತದೆ. ಎಲ್ಲ ಮೋಟರುಗಳನ್ನೂ ಒಮ್ಮೆಗೇ ಹಾಕುವಂತಿಲ್ಲ, ಏಕೆಂದರೆ ಚಾಲೂ ಆಗುವ ಗಳಿಗೆಯಲ್ಲಿ ಮೋಟರು ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಒಂದೊಂದಾಗಿ ಹಾಕುತ್ತ ಕೂತರೆ ಹೊತ್ತು ಹೋಗುತ್ತದೆ. ಇನಿಟ್ ಬಿಡಿಸಬೇಕಾದ ಲೆಕ್ಕವೂ ಇಂಥದ್ದೇ: ಯಾವುದು ಯಾವುದಕ್ಕೆ ಮೊದಲು, ಯಾವುವನ್ನು ಜೊತೆಜೊತೆಗೆ ಆರಂಭಿಸಬಹುದು, ಚಾಲೂ ಆಯಿತೆಂದು ಹೇಳಿದ್ದು ನಿಜಕ್ಕೂ ಕೆಲಸಕ್ಕೆ ಸಿದ್ಧವಾಗಿದೆಯೇ, ಮಧ್ಯದಲ್ಲಿ ನಿಂತುಹೋದರೆ ಮತ್ತೆ ಯಾರು ಹಾಕಬೇಕು.

ಲಿನಕ್ಸಿನಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಮಿಕೆಲ್ ವಾನ್ ಸ್ಮೂರೆನ್‌ಬರ್ಗ್ ಬರೆದ ಸಿಸ್‌ವಿ ಇನಿಟ್. ಎಟಿ ಅಂಡ್ ಟಿ ಸಂಸ್ಥೆಯ ಸಿಸ್ಟಮ್ ಫೈವ್ ಯುನಿಕ್ಸಿನ ಮಾದರಿಯನ್ನು ಅದು ಅನುಸರಿಸಿತು. ಅದರ ತಿರುಳು ತುಂಬ ಸರಳ. ಯಂತ್ರಕ್ಕೆ 0ಯಿಂದ 6ರವರೆಗೆ ರನ್‌ಲೆವೆಲ್ ಎಂಬ ಸ್ಥಿತಿಗಳಿವೆ: 0 ಎಂದರೆ ನಿಲ್ಲಿಸು, 6 ಎಂದರೆ ಮತ್ತೆ ಚಾಲೂ ಮಾಡು, 1 ಎಂದರೆ ದುರಸ್ತಿಗಾಗಿ ಒಬ್ಬನೇ ಬಳಕೆದಾರ. ಪ್ರತಿ ಸೇವೆಗೂ ಇನಿಟ್.ಡಿ ಎಂಬ ಕೋಶದಲ್ಲಿ ಒಂದು ಶೆಲ್ ಸ್ಕ್ರಿಪ್ಟ್. ಯಾವ ಸ್ಥಿತಿಯಲ್ಲಿ ಯಾವುದು ಯಾವ ಕ್ರಮದಲ್ಲಿ ಓಡಬೇಕೆಂಬುದನ್ನು ಆ ಸ್ಕ್ರಿಪ್ಟುಗಳಿಗೆ ತೋರುವ ಕೊಂಡಿಗಳ ಹೆಸರಿನಲ್ಲಿರುವ ಎರಡಂಕಿಯ ಸಂಖ್ಯೆ ಹೇಳುತ್ತಿತ್ತು. ಸಂಖ್ಯೆಯನ್ನು ಪ್ಯಾಕೇಜ್ ಸಿದ್ಧಪಡಿಸುವವರೇ ಊಹಿಸಿ ಇಡಬೇಕಿತ್ತು. ಮುಂದೆ ಪ್ರತಿ ಸ್ಕ್ರಿಪ್ಟಿನ ತಲೆಯಲ್ಲಿ ಅದು ಏನನ್ನು ಒದಗಿಸುತ್ತದೆ, ಅದಕ್ಕೆ ಏನು ಬೇಕು ಎಂಬ ಟಿಪ್ಪಣಿ ಬರೆಯುವ ಪದ್ಧತಿ ಬಂತು. 2011ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಡೆಬಿಯನ್ 6.0 ಆ ಟಿಪ್ಪಣಿಗಳನ್ನು ಓದಿ ಕ್ರಮವನ್ನು ತಾನೇ ಲೆಕ್ಕ ಹಾಕುವುದನ್ನು ರೂಢಿಗೆ ತಂದಿತು.

ಈ ವ್ಯವಸ್ಥೆಯ ದೊಡ್ಡ ಕೊರತೆ ಉಸ್ತುವಾರಿಯದು. ಸ್ಕ್ರಿಪ್ಟು ಸೇವೆಯನ್ನು ಹಿನ್ನೆಲೆಗೆ ಕಳಿಸಿ ತಾನು ಮುಗಿದುಹೋಗುತ್ತದೆ. ಆ ಸೇವೆಯ ಪ್ರೊಸೆಸ್ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಡುವುದು ರೂಢಿ. ಸೇವೆ ಸತ್ತು ಅದೇ ಸಂಖ್ಯೆ ಬೇರೆ ಪ್ರೊಸೆಸ್ಸಿಗೆ ಸಿಕ್ಕಿದ್ದರೆ, ಸೇವೆಯನ್ನು ನಿಲ್ಲಿಸಹೋದವರು ಸಂಬಂಧವೇ ಇಲ್ಲದ ಪ್ರೊಸೆಸ್ಸನ್ನು ಕೊಲ್ಲುವ ಅಪಾಯವಿತ್ತು. ಸತ್ತ ಸೇವೆಯನ್ನು ಮತ್ತೆ ಎಬ್ಬಿಸುವವರು ಯಾರೂ ಇರಲಿಲ್ಲ.

ಕೊರತೆ ತುಂಬಲು ಬಂದವರು

ಈ ಕೊರತೆಗೆ ಉತ್ತರಗಳು ಬೇರೆ ಬೇರೆ ದಿಕ್ಕಿನಿಂದ ಬಂದವು. ಡೇನಿಯಲ್ ಬರ್ನ್‌ಸ್ಟೈನ್ ಬರೆದ ಡೀಮನ್‌ಟೂಲ್ಸ್ ಒಂದು ಹೊಸ ದಾರಿ ತೋರಿಸಿತು: ಸೇವೆಯನ್ನು ಹಿನ್ನೆಲೆಗೆ ಕಳಿಸುವುದೇ ಬೇಡ, ಒಂದು ಪುಟ್ಟ ಮೇಲ್ವಿಚಾರಕ ಪ್ರೊಸೆಸ್ಸಿನ ನೇರ ಮಗುವಾಗಿ ಅದು ಓಡುತ್ತಿರಲಿ. ಮಗು ಸತ್ತರೆ ಹೆತ್ತ ಪ್ರೊಸೆಸ್ಸಿಗೆ ಕರ್ನಲೇ ತಿಳಿಸುತ್ತದೆ, ಆದ್ದರಿಂದ ಸಂಖ್ಯೆ ಬರೆದಿಡುವ ಕಡತ ಬೇಕಿಲ್ಲ. ಗೆರಿಟ್ ಪಾಪೆ ಅವರ ರನ್‌ಇಟ್, ಲೋರಾಂ ಬೆರ್ಕೊ ಅವರ ಎಸ್6 ಈ ದಾರಿಯಲ್ಲೇ ಬೆಳೆದವು. ಜೆಂಟೂ ವಿತರಣೆಯಲ್ಲಿ ಹುಟ್ಟಿದ ಓಪನ್‌ಆರ್‌ಸಿ ಶೆಲ್ ಸ್ಕ್ರಿಪ್ಟುಗಳನ್ನು ಉಳಿಸಿಕೊಂಡೇ ಅವಲಂಬನೆಗಳನ್ನು ಅಚ್ಚುಕಟ್ಟು ಮಾಡಿತು. ಕೆನೋನಿಕಲ್ ಸಂಸ್ಥೆಯಲ್ಲಿದ್ದ ಸ್ಕಾಟ್ ಜೇಮ್ಸ್ ರೆಮ್ನಂಟ್ ಅವರ ಅಪ್‌ಸ್ಟಾರ್ಟ್ 2006ರ ಅಕ್ಟೋಬರಿನಲ್ಲಿ ಉಬುಂಟು 6.10ರೊಡನೆ ಬಂತು. ನೆಟ್‌ವರ್ಕ್ ಬಂತು, ಡಿಸ್ಕ್ ಜೋಡಣೆಯಾಯಿತು ಎಂಬ ಘಟನೆಗಳನ್ನು ನೋಡಿ ಅದು ಸೇವೆಗಳನ್ನು ಆರಂಭಿಸುತ್ತಿತ್ತು.

2010ರ ಏಪ್ರಿಲ್ 30ರಂದು ರೆಡ್ ಹ್ಯಾಟ್ ಸಂಸ್ಥೆಯ ಲೆನಾರ್ಟ್ ಪಾಟರಿಂಗ್ ಒಂದನೆಯ ಪ್ರೊಸೆಸ್ ಹೇಗಿರಬೇಕೆಂದು ಹೊಸದಾಗಿ ಯೋಚಿಸುವ ಒಂದು ದೀರ್ಘ ಲೇಖನ ಪ್ರಕಟಿಸಿದರು. ಅವರೂ ಕೇ ಸೀವರ್ಸ್ ಅವರೂ ಆರಂಭಿಸಿದ ಸಿಸ್ಟಮ್‌ಡಿಯ ಪರಿಚಯ ಅದು. ಅದರಲ್ಲಿ ಎರಡು ಮುಖ್ಯ ಕಲ್ಪನೆಗಳಿದ್ದವು. ಮೊದಲನೆಯದು, ಸೇವೆಗಳ ಸಾಕೆಟ್‌ಗಳನ್ನು, ಅಂದರೆ ಸಂದೇಶ ಸ್ವೀಕರಿಸುವ ಬಾಗಿಲುಗಳನ್ನು, ಇನಿಟ್ ತಾನೇ ಮೊದಲು ತೆರೆದಿಡುವುದು. ಬಂದ ಸಂದೇಶಗಳನ್ನು ಕರ್ನಲ್ ಕಾದಿಡುತ್ತದೆ. ಹೀಗಾಗಿ ಕೇಳುವ ಸೇವೆಯನ್ನೂ ಉತ್ತರಿಸುವ ಸೇವೆಯನ್ನೂ ಒಟ್ಟಿಗೆ ಆರಂಭಿಸಬಹುದು. ಎರಡನೆಯದು, ಪ್ರತಿ ಸೇವೆಯನ್ನೂ ಕರ್ನಲಿನ ಸಿಗ್ರೂಪ್ ಎಂಬ ಗುಂಪಿನೊಳಗೆ ಇಡುವುದು. ಸೇವೆ ಎಷ್ಟು ಮಕ್ಕಳನ್ನು ಹುಟ್ಟಿಸಿದರೂ ಅವು ಅದೇ ಗುಂಪಿನಲ್ಲಿ ಉಳಿಯುತ್ತವೆ. ನಿಲ್ಲಿಸುವಾಗ ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಹತ್ತಾರು ಸಾಲಿನ ಶೆಲ್ ಸ್ಕ್ರಿಪ್ಟಿನ ಜಾಗಕ್ಕೆ ಕೆಲವೇ ಸಾಲುಗಳ ಯುನಿಟ್ ಕಡತ ಬಂತು.

ಫೆಡೋರಾ 15 ಇದನ್ನು 2011ರ ಮೇ ತಿಂಗಳಲ್ಲಿ ಒಪ್ಪಿಕೊಂಡಿತು. ಮುಂದೆ ಓಪನ್‌ಸೂಸೆ, ಆರ್ಚ್, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 ಸಾಲುಗಟ್ಟಿದವು. ಈ ನಡುವೆ ಸಿಸ್ಟಮ್‌ಡಿ ಇನಿಟ್ ಆಗಿಯಷ್ಟೇ ಉಳಿಯಲಿಲ್ಲ. ಯಂತ್ರದ ಮುಂದೆ ಯಾರು ಕೂತಿದ್ದಾರೆಂದು ನೋಡಿಕೊಳ್ಳುವ ಲಾಗಿನ್‌ಡಿ, ದಾಖಲೆ ಬರೆಯುವ ಜರ್ನಲ್, ತಾತ್ಕಾಲಿಕ ಕಡತಗಳನ್ನು ಸಿದ್ಧಪಡಿಸುವ ಸಾಧನ ಅದರ ಯೋಜನೆಯೊಳಗೇ ಬೆಳೆದವು. ಸಾಧನಗಳನ್ನು ಗುರುತಿಸುವ ಯುಡೆವ್ 2012ರಲ್ಲಿ ಅದೇ ಯೋಜನೆಯೊಳಗೆ ಸೇರಿತು. ಪರ್ಯಾಯಗಳ ಪ್ರಶ್ನೆ ಬಿಗಿಯಾದದ್ದು ಇಲ್ಲಿ. ಇನಿಟ್ ಬದಲಿಸಬೇಕೆಂದರೆ ಅದರ ಜೊತೆ ಬಂದ ಈ ಎಲ್ಲವಕ್ಕೂ ಬದಲಿ ಹುಡುಕಬೇಕಾಯಿತು.

ಡೆಬಿಯನ್ನಿನ ನಿರ್ಧಾರ, ಕಾಸರಗೋಡಿನ ತರಗತಿ

ಡೆಬಿಯನ್ ಒಂದು ಕಂಪನಿಯಲ್ಲ, ಸ್ವಯಂಸೇವಕರ ಸಂಘ. ಅಲ್ಲಿ ಬಗೆಹರಿಯದ ತಾಂತ್ರಿಕ ವಿವಾದ ತಾಂತ್ರಿಕ ಸಮಿತಿಗೆ ಹೋಗುತ್ತದೆ. ಮುಂದಿನ ಆವೃತ್ತಿಯ ಮಾಮೂಲಿ ಇನಿಟ್ ಯಾವುದಾಗಬೇಕು ಎಂಬ ಪ್ರಶ್ನೆಯ ಮೇಲೆ 8 ಜನರ ಸಮಿತಿ ಸಿಸ್ಟಮ್‌ಡಿ ಮತ್ತು ಅಪ್‌ಸ್ಟಾರ್ಟ್ ನಡುವೆ ಸಮನಾಗಿ ಒಡೆಯಿತು. 2014ರ ಫೆಬ್ರುವರಿಯಲ್ಲಿ ಅಧ್ಯಕ್ಷ ಬಿಡೇಲ್ ಗಾರ್ಬಿಯವರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಆಯ್ಕೆಯಾಯಿತು. ಕೆಲವೇ ದಿನಗಳಲ್ಲಿ ಉಬುಂಟುವಿನ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ತಮ್ಮ ವಿತರಣೆಯೂ ಅದೇ ದಾರಿ ಹಿಡಿಯುವುದೆಂದು ಘೋಷಿಸಿದರು. 2015ರ ಏಪ್ರಿಲ್‌ನಲ್ಲಿ ಉಬುಂಟು 15.04 ಮತ್ತು ಡೆಬಿಯನ್ 8 ಎರಡೂ ಸಿಸ್ಟಮ್‌ಡಿಯೊಡನೆ ಹೊರಬಂದವು.

ಆ ಒಂದು ಮತದ ಪರಿಣಾಮ ಬಹುದೂರ ಹಬ್ಬಿತು. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸುವ ಬಾಸ್ ಲಿನಕ್ಸ್ ಡೆಬಿಯನ್ನಿನ ಮೇಲೆ ನಿಂತಿದೆ. ಕೇರಳದ ಶಾಲೆಗಳಿಗೆ ಅಲ್ಲಿನ ಕೈಟ್ ಸಂಸ್ಥೆ ಸಿದ್ಧಪಡಿಸುವ ಕಾರ್ಯವ್ಯವಸ್ಥೆ ಉಬುಂಟುವಿನ ಮೇಲೆ ನಿಂತಿದೆ. ಉಬುಂಟು ಡೆಬಿಯನ್ನಿನ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠಕ್ಕೆ ಕೂರುವ ಕಂಪ್ಯೂಟರಿನಲ್ಲಿ ಒಂದನೆಯ ಪ್ರೊಸೆಸ್ ಯಾವುದು ಎಂಬುದು ಹೀಗೆ ಡೆಬಿಯನ್ನಿನ ಸಮಿತಿಯಲ್ಲಿ ತೀರ್ಮಾನವಾಯಿತು. ಮೂಲ ವಿತರಣೆ ಎರಡನೆಯ ಇನಿಟ್ಟನ್ನು ಕೆಲಸ ಮಾಡುವ ಸ್ಥಿತಿಯಲ್ಲಿ ಇಟ್ಟಿದ್ದರೆ ಕೆಳಗಿನ ವಿತರಣೆಗಳಿಗೆ ಆಯ್ಕೆ ಉಳಿಯುತ್ತದೆ. ಮೇಲೆ ಅಳಿದದ್ದನ್ನು ಕೆಳಗಿರುವವರು ಒಬ್ಬೊಬ್ಬರೇ ಕಟ್ಟಿಕೊಳ್ಳುವುದು ಬಹಳ ಕಷ್ಟ.

ಆಯ್ಕೆ ಯಾರಿಗೆ ಬೇಕು ಎಂಬುದಕ್ಕೂ ಸ್ಪಷ್ಟ ಉತ್ತರಗಳಿವೆ. ಸಿಸ್ಟಮ್‌ಡಿ ಲಿನಕ್ಸ್ ಕರ್ನಲಿಗೆ ಮಾತ್ರ ಬರೆದದ್ದು. ಹರ್ಡ್ ಕರ್ನಲಿನ ಮೇಲೆ ಓಡುವ ಡೆಬಿಯನ್ನಿಗೆ ಬೇರೆ ಇನಿಟ್ ಬೇಕೇ ಬೇಕು. ಒಂದೇ ಸೇವೆ ಓಡಿಸುವ ಕಂಟೇನರುಗಳಿಗೆ, ಮೆಮೊರಿ ತೀರ ಕಡಿಮೆಯಿರುವ ರೂಟರಿನಂತಹ ಸಾಧನಗಳಿಗೆ ಚಿಕ್ಕ ಇನಿಟ್ ಸಾಕು. ಒಂದನೆಯ ಪ್ರೊಸೆಸ್ಸಿನಲ್ಲಿ ಸಂಕೇತಾವಳಿ ಕಡಿಮೆಯಿದ್ದಷ್ಟೂ ದೋಷಕ್ಕೆ ಎಡೆ ಕಡಿಮೆ ಎಂಬ ನಂಬಿಕೆಯಿಂದ ಚಿಕ್ಕದನ್ನೇ ಆರಿಸುವ ನಿರ್ವಾಹಕರೂ ಇದ್ದಾರೆ. ಒಂದೇ ಕೆಲಸಕ್ಕೆ ಎರಡು ವಿನ್ಯಾಸಗಳು ಬದುಕಿದ್ದರೆ ಒಂದರ ಒಳ್ಳೆಯ ಕಲ್ಪನೆ ಇನ್ನೊಂದಕ್ಕೆ ದಾಟುತ್ತದೆ ಎಂಬುದು ಕೊನೆಯ ಕಾರಣ, ಬಹುಶಃ ಎಲ್ಲಕ್ಕಿಂತ ದೊಡ್ಡದು.

ಬೆಂಬಲದ ಪದರಗಳು

ಪರ್ಯಾಯಕ್ಕೆ ಬೆಂಬಲ ಎಂಬ ಮಾತಿನೊಳಗೆ ಹಲವು ಪದರಗಳಿವೆ. ಮೊದಲ ಪದರ ಅದಲುಬದಲು. ಡೆಬಿಯನ್ನಿನಲ್ಲಿ ಇನಿಟ್ ಎಂಬ ಹೆಸರಿನ ಒಂದು ಪುಟ್ಟ ಪ್ಯಾಕೇಜಿದೆ. ಅದರಲ್ಲಿ ಪ್ರೊಗ್ರಾಮ್ ಏನೂ ಇಲ್ಲ. ಸಿಸ್ಟಮ್‌ಡಿ, ಸಿಸ್‌ವಿ ಇನಿಟ್, ರನ್‌ಇಟ್ ಇವುಗಳಲ್ಲಿ ಒಂದಾದರೂ ಸ್ಥಾಪನೆಯಾಗಿರಬೇಕು ಎಂಬ ನಿಯಮವಷ್ಟೇ ಇದೆ. ಯಂತ್ರ ಇನಿಟ್ ಇಲ್ಲದೆ ಉಳಿಯದಂತೆ ಇದು ಕಾಯುತ್ತದೆ, ಯಾವುದು ಎಂಬ ಆಯ್ಕೆಯನ್ನು ಬಳಕೆದಾರರಿಗೆ ಬಿಡುತ್ತದೆ.

ಎರಡನೆಯ ಪದರ ಸೇವೆಗಳ ವಿವರಣೆ. ಒಂದು ಸೇವೆಗೆ ಯುನಿಟ್ ಕಡತವೂ ಇರಬೇಕು, ಶೆಲ್ ಸ್ಕ್ರಿಪ್ಟೂ ಇರಬೇಕು, ರನ್‌ಇಟ್ ಬಳಸುವವರಿಗೆ ಅದರ ಸ್ಕ್ರಿಪ್ಟೂ ಬೇಕು. ಇಲ್ಲಿ ಕಣ್ಣಿಗೆ ಬೀಳದ ಒಂದು ಅಪಾಯವಿದೆ. ಹಳೆಯ ಶೆಲ್ ಸ್ಕ್ರಿಪ್ಟನ್ನು ಓದಿ ಅದರಿಂದ ಯುನಿಟ್ಟನ್ನು ತಾನಾಗಿ ಹೊಸೆಯುವ ಒಂದು ಸಾಧನ ಸಿಸ್ಟಮ್‌ಡಿಯಲ್ಲಿತ್ತು. ಆದರೆ ಅದೇ ಹೆಸರಿನ ಯುನಿಟ್ ಕಡತ ಇದ್ದರೆ ಸ್ಕ್ರಿಪ್ಟನ್ನು ಅದು ಮುಟ್ಟುತ್ತಿರಲಿಲ್ಲ. ಪ್ಯಾಕೇಜ್ ನೋಡಿಕೊಳ್ಳುವವರು ಸಿಸ್ಟಮ್‌ಡಿ ಯಂತ್ರದಲ್ಲೇ ಕೆಲಸ ಮಾಡುತ್ತಿದ್ದರೆ, ಯುನಿಟ್ ಬರೆದ ದಿನದಿಂದ ಅವರ ಯಂತ್ರದಲ್ಲಿ ಆ ಸ್ಕ್ರಿಪ್ಟು ಒಮ್ಮೆಯೂ ಓಡುವುದಿಲ್ಲ. ಪ್ರೊಗ್ರಾಮಿನ ಆಯ್ಕೆಗಳು ಬದಲಾಗುತ್ತವೆ, ಕಡತಗಳ ಜಾಗ ಬದಲಾಗುತ್ತದೆ; ಸ್ಕ್ರಿಪ್ಟು ಹಾಗೇ ಉಳಿಯುತ್ತದೆ. ಪ್ಯಾಕೇಜಿನಲ್ಲಿ ಅದು ಇದೆ, ಆದರೆ ಕೆಲಸ ಮಾಡುವುದಿಲ್ಲ. ಇಲ್ಲದ ಸ್ಕ್ರಿಪ್ಟಿಗಿಂತ ಇದು ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಬೆಂಬಲವಿದೆ ಎಂದು ನಂಬಿ ಸೇವೆ ಹಾಕಿಕೊಂಡವರಿಗೆ ಮರುಬೂಟ್ ಆದಾಗಲಷ್ಟೇ ಸತ್ಯ ತಿಳಿಯುತ್ತದೆ. 2023ರಲ್ಲಿ ಸಿಸ್ಟಮ್‌ಡಿಯ 254ನೆಯ ಆವೃತ್ತಿ ಹಳೆಯ ಸ್ಕ್ರಿಪ್ಟುಗಳಿಗಿದ್ದ ಬೆಂಬಲವನ್ನು ಮುಂದೆ ತೆಗೆಯುವುದಾಗಿ ಘೋಷಿಸಿತು.

ಮೂರನೆಯ ಪದರ ಸ್ಥಾಪನೆಯ ವೇಳೆಯದು. ಪ್ಯಾಕೇಜ್ ಯಂತ್ರಕ್ಕೆ ಇಳಿದಾಗ ಸೇವೆಯನ್ನು ಆರಂಭಿಸಬೇಕು, ಹೊಸ ಆವೃತ್ತಿ ಬಂದಾಗ ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಪ್ಯಾಕೇಜಿನ ಸ್ಥಾಪನಾ ಸ್ಕ್ರಿಪ್ಟು ಸಿಸ್ಟಮ್‌ಡಿಯ ಆಜ್ಞೆಯನ್ನು ನೇರವಾಗಿ ಕರೆದರೆ ಬೇರೆ ಇನಿಟ್ಟಿನಲ್ಲಿ ಅದು ಮುರಿಯುತ್ತದೆ. ಆದ್ದರಿಂದ ಡೆಬಿಯನ್ ನಡುವೆ ಒಂದು ಮಧ್ಯವರ್ತಿ ಸಾಧನ ಇಟ್ಟಿದೆ. ಅದು ಈಗ ಯಾವ ಇನಿಟ್ ಓಡುತ್ತಿದೆಯೆಂದು ನೋಡಿ ತಕ್ಕ ಆಜ್ಞೆ ಕೊಡುತ್ತದೆ. ನೋಡುವ ಬಗೆಯೂ ಸರಳ: ಸಿಸ್ಟಮ್‌ಡಿ ಒಂದನೆಯ ಪ್ರೊಸೆಸ್ಸಾಗಿ ಓಡುವಾಗ ಮಾತ್ರ ಒಂದು ನಿರ್ದಿಷ್ಟ ಕೋಶ ಇರುತ್ತದೆ, ಅದು ಇದೆಯೋ ಇಲ್ಲವೋ ಎಂಬುದೇ ಉತ್ತರ. ಸಿಸ್ಟಮ್‌ಡಿಯ ಕಡತಗಳು ಡಿಸ್ಕಿನಲ್ಲಿದ್ದ ಮಾತ್ರಕ್ಕೆ ಅದೇ ಓಡುತ್ತಿದೆಯೆಂದು ತಿಳಿಯಬಾರದು ಎಂಬ ಎಚ್ಚರ ಇದರಲ್ಲಿದೆ.

ನಾಲ್ಕನೆಯದು ಡೆಸ್ಕ್‌ಟಾಪ್, ಎಲ್ಲಕ್ಕಿಂತ ಜಟಿಲವಾದದ್ದು. ಪರದೆಯ ಮುಂದೆ ಕೂತವರಿಗೆ ಧ್ವನಿ, ಕ್ಯಾಮೆರಾ, ಪೆನ್‌ಡ್ರೈವ್ ಬಳಸುವ ಹಕ್ಕು ಸಿಗಬೇಕು. ದೂರದಿಂದ ಲಾಗಿನ್ ಆದವರಿಗೆ ಆ ಹಕ್ಕು ಸಿಗಬಾರದು. ಇದನ್ನು ನೋಡುವುದು ಲಾಗಿನ್‌ಡಿ. ಗ್ನೋಮ್‌ನಂತಹ ಡೆಸ್ಕ್‌ಟಾಪುಗಳು ಅದನ್ನು ನೆಚ್ಚಿಕೊಂಡವು. ಲಾಗಿನ್‌ಡಿ ಸಿಸ್ಟಮ್‌ಡಿಯನ್ನು ನೆಚ್ಚಿಕೊಂಡಿತ್ತು. ಚಿತ್ರ ಬಿಡಿಸುವ ತಂತ್ರಾಂಶವೊಂದನ್ನು ಹಾಕಹೋದರೆ ಅವಲಂಬನೆಗಳ ಸರಪಳಿ ಹಿಡಿದು ಇನಿಟ್ಟೇ ಬದಲಾಗುವ ಪರಿಸ್ಥಿತಿ ಬಂದದ್ದು ಹೀಗೆ. ಸಿಸ್ಟಮ್‌ಡಿ ಇದೆಯೆಂದು ನಟಿಸುವ ಶಿಮ್ ಎಂಬ ತೆಳು ಪದರವನ್ನು ಡೆಬಿಯನ್ ಸ್ವಲ್ಪ ಕಾಲ ಬಳಸಿತು. ನೋಡಿಕೊಳ್ಳುವವರಿಲ್ಲದೆ ಅದು ಹಿಂದೆ ಬಿತ್ತು. 2015ರಲ್ಲಿ ಆಂಡಿ ವಿಂಗೊ ಗಿಕ್ಸ್ ವಿತರಣೆಗಾಗಿ ಲಾಗಿನ್‌ಡಿಯನ್ನು ಸಿಸ್ಟಮ್‌ಡಿಯಿಂದ ಬಿಡಿಸಿ ಇಲಾಗಿನ್‌ಡಿ ಎಂಬ ಸ್ವತಂತ್ರ ಸೇವೆಯಾಗಿ ಮಾಡಿದರು. ಇಂದು ಸಿಸ್ಟಮ್‌ಡಿ ಇಲ್ಲದ ಬಹುಪಾಲು ಡೆಸ್ಕ್‌ಟಾಪುಗಳು ನಡೆಯುವುದು ಇದರ ಆಸರೆಯಲ್ಲಿ. ಪ್ಯಾಕೇಜುಗಳು ಲಾಗಿನ್‌ಡಿ ಕೆಲಸ ಮಾಡುವ ಯಾವುದಾದರೂ ಒಂದು ಸೇವೆ ಸಾಕು ಎಂದು ಕೇಳುವಂತೆ ಡೆಬಿಯನ್ ಒಂದು ಕಲ್ಪಿತ ಹೆಸರನ್ನೂ ಗೊತ್ತುಮಾಡಿತು.

ಐದನೆಯ ಪದರ ಸಣ್ಣಪುಟ್ಟ ಸೌಲಭ್ಯಗಳದು. ಸೇವೆಗೆ ಬೇಕಾದ ಬಳಕೆದಾರ ಖಾತೆಯನ್ನು ಸೃಷ್ಟಿಸುವುದು, ಬೂಟ್ ಆದಾಗ ಖಾಲಿ ಕೋಶಗಳನ್ನು ಸಿದ್ಧಪಡಿಸುವುದು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವುದು ಇವಕ್ಕೆಲ್ಲ ಸಿಸ್ಟಮ್‌ಡಿಯಲ್ಲಿ ಒಂದೊಂದು ಕಡತ ಬರೆದರೆ ಸಾಕು. ಮೊದಲೆರಡು ಕೆಲಸಗಳ ಸಾಧನಗಳು ಓಡಲು ಸಿಸ್ಟಮ್‌ಡಿ ಇನಿಟ್ಟಾಗಿರಬೇಕೆಂದಿಲ್ಲ. ಡೆಬಿಯನ್ ಅವನ್ನು ಬಿಡಿ ಪ್ಯಾಕೇಜುಗಳಾಗಿಯೂ ಕೊಡುತ್ತದೆ. ಮೂರನೆಯದಕ್ಕೆ ಹಳೆಯ ಕ್ರಾನ್ ಇದೆ. ಆದರೆ ಪ್ಯಾಕೇಜಿನವರು ಎರಡನ್ನೂ ಬರೆಯಬೇಕು, ಎರಡೂ ಇರುವ ಯಂತ್ರದಲ್ಲಿ ಕೆಲಸ ಎರಡು ಸಲ ಓಡದಂತೆ ನೋಡಿಕೊಳ್ಳಬೇಕು.

ಎರಡು ಮತದಾನ, ಒಂದು ಕವಲು

ಇಷ್ಟು ಕೆಲಸವನ್ನು ಯಾರು ಮಾಡಬೇಕು ಎಂಬುದೇ ಡೆಬಿಯನ್ನಿನ ನಿಜವಾದ ಜಗಳವಾಯಿತು. ಯಾವ ಪ್ಯಾಕೇಜೂ ಒಂದೇ ಇನಿಟ್ಟಿಗೆ ಕಟ್ಟುಬೀಳಬಾರದು ಎಂಬ ನಿಯಮ ಬೇಕೆಂದು ತಾಂತ್ರಿಕ ಸಮಿತಿಯಲ್ಲಿದ್ದ ಇಯನ್ ಜಾಕ್ಸನ್ ಪ್ರಸ್ತಾಪ ತಂದರು. 2014ರ ನವೆಂಬರಿನಲ್ಲಿ ಸದಸ್ಯರೆಲ್ಲರ ಮತದಾನ ನಡೆಯಿತು. ಈ ವಿಷಯಕ್ಕೆ ಸಾಮಾನ್ಯ ನಿರ್ಣಯವೇ ಬೇಕಿಲ್ಲ ಎಂಬ ಆಯ್ಕೆ ಗೆದ್ದಿತು. ಅದೇ ತಿಂಗಳು ಕೆಲವರು ಹೊರಹೋಗಿ ಡೆವುವಾನ್ ಎಂಬ ಹೊಸ ವಿತರಣೆಯನ್ನು ಘೋಷಿಸಿದರು. ಅದರ ಮೊದಲ ಸ್ಥಿರ ಆವೃತ್ತಿ 2017ರ ಮೇ ತಿಂಗಳಲ್ಲಿ ಬಂತು.

ಡೆವುವಾನ್ ಅನುಸರಿಸಿದ ವಿಧಾನದಿಂದ ಕಲಿಯುವುದಿದೆ. ಅದು ಡೆಬಿಯನ್ನಿನ ಪ್ಯಾಕೇಜುಗಳಲ್ಲಿ ಹೆಚ್ಚಿನವನ್ನು ಹಾಗೆಯೇ ತೆಗೆದುಕೊಂಡು, ಸಿಸ್ಟಮ್‌ಡಿಗೆ ಗಂಟುಬಿದ್ದವನ್ನು ಮಾತ್ರ ತಿದ್ದಿ ಕಟ್ಟುತ್ತದೆ. ಹೀಗಾಗಿ ಚಿಕ್ಕ ಗುಂಪೊಂದು ದೊಡ್ಡ ವಿತರಣೆಯನ್ನು ನಡೆಸಲು ಸಾಧ್ಯವಾಗಿದೆ. ಆದರೆ ಇದೇ ಕಾರಣಕ್ಕೆ ಅದು ಡೆಬಿಯನ್ನಿನ ಮೇಲೆ ನಿಂತಿದೆ: ಅಲ್ಲಿ ಒಂದು ಪ್ಯಾಕೇಜ್ ತನ್ನ ಶೆಲ್ ಸ್ಕ್ರಿಪ್ಟನ್ನು ಕೈಬಿಟ್ಟರೆ ಡೆವುವಾನ್ ತಿದ್ದಬೇಕಾದ ಪಟ್ಟಿಗೆ ಇನ್ನೊಂದು ಸೇರುತ್ತದೆ. ಬೇರೆ ಮನೆ ಮಾಡಿದರೂ ಕೆಲಸ ತಪ್ಪಲಿಲ್ಲ.

5 ವರ್ಷಗಳ ನಂತರ ಪ್ರಶ್ನೆ ಮತ್ತೆ ಎದ್ದಿತು. ಯೋಜನಾ ನಾಯಕ ಸ್ಯಾಮ್ ಹಾರ್ಟ್‌ಮನ್ ಸದಸ್ಯರ ಮುಂದೆ ಹಲವು ಆಯ್ಕೆಗಳನ್ನಿಟ್ಟರು. 2019ರ ಡಿಸೆಂಬರಿನಲ್ಲಿ ಗೆದ್ದದ್ದು ನಡುವಿನ ದಾರಿ. ಅದರಂತೆ, ಸೇವೆಯನ್ನು ವಿವರಿಸಲು ಯುನಿಟ್ ಕಡತವೇ ಮೆಚ್ಚಿನ ರೂಪ. ಪರ್ಯಾಯಗಳನ್ನು ಕಟ್ಟಲು ಡೆಬಿಯನ್ನಿನಲ್ಲಿ ಜಾಗವಿದೆ, ಆದರೆ ಆ ಕೆಲಸಕ್ಕೆ ಬೇಕಾದ ದುಡಿಮೆಯನ್ನು ಬಯಸುವವರೇ ಹೊರಬೇಕು. ಉಳಿದವರು ಅವರ ತಿದ್ದುಪಡಿಗಳನ್ನು ಸಕಾಲದಲ್ಲಿ ನೋಡಿ ಉತ್ತರಿಸಬೇಕು. ಇಲಾಗಿನ್‌ಡಿಯಂತಹ ತಂತ್ರಾಂಶ ಯೋಜನೆಗೆ ಮುಖ್ಯವೆಂದೂ ನಿರ್ಣಯ ಹೆಸರಿಸಿ ಹೇಳಿತು.

ಈ ನಿರ್ಣಯದಿಂದ ಪ್ಯಾಕೇಜಿನವರ ಮೇಲಿನ ಒತ್ತಾಯ ಹೋಯಿತು, ಪರ್ಯಾಯ ಬಯಸುವವರ ಹೊಣೆ ಹೆಚ್ಚಿತು. ಅವರು ಅದಕ್ಕೆ ಒಂದು ಒಳ್ಳೆಯ ಉತ್ತರ ಕಂಡುಕೊಂಡರು. ಪ್ಯಾಕೇಜುಗಳು ಕೈಬಿಟ್ಟ ಶೆಲ್ ಸ್ಕ್ರಿಪ್ಟುಗಳನ್ನೆಲ್ಲ ಒಂದೇ ಪ್ರತ್ಯೇಕ ಪ್ಯಾಕೇಜಿನಲ್ಲಿ ಸೇರಿಸಿ ಸಾಕತೊಡಗಿದರು. ಸ್ಕ್ರಿಪ್ಟನ್ನು ಬಳಸದವರ ಕೈಯಿಂದ ಬಳಸುವವರ ಕೈಗೆ ಅದು ಬಂತು. ಸಿಸ್‌ವಿ ಇನಿಟ್ಟಿಗೆ ಹೊಸ ಸ್ಕ್ರಿಪ್ಟು ಬರೆಯುವುದನ್ನು ಹಗುರ ಮಾಡಲು ಸಾಮಾನ್ಯ ಭಾಗಗಳನ್ನು ಒಂದೆಡೆ ಇಟ್ಟ ಸಹಾಯಕ ಕಡತವೂ ಇದೆ. ಅದನ್ನು ಬಳಸಿದರೆ ಹತ್ತಾರು ಸಾಲಿನ ಸ್ಕ್ರಿಪ್ಟು ಕೆಲವು ಸಾಲಿಗೆ ಇಳಿಯುತ್ತದೆ.

ಬೇರೆ ವಿತರಣೆಗಳು ಹಿಡಿದ ದಾರಿ

ಜೆಂಟೂ ಓಪನ್‌ಆರ್‌ಸಿ ಮತ್ತು ಸಿಸ್ಟಮ್‌ಡಿ ಎರಡಕ್ಕೂ ಅಧಿಕೃತ ಬೆಂಬಲ ಕೊಡುತ್ತದೆ, ಎರಡಕ್ಕೂ ಆರಂಭಿಕ ಕಟ್ಟನ್ನು ಒದಗಿಸುತ್ತದೆ. ಅಲ್ಲಿ ತಂತ್ರಾಂಶವನ್ನು ಬಳಕೆದಾರರ ಯಂತ್ರದಲ್ಲೇ ಮೂಲಸಂಕೇತದಿಂದ ಕಟ್ಟುವುದು ರೂಢಿಯಾದ್ದರಿಂದ, ಸಿಸ್ಟಮ್‌ಡಿಯ ಲೈಬ್ರರಿ ಬೇಕೋ ಬೇಡವೋ ಎಂಬುದನ್ನು ಕಟ್ಟುವ ಹೊತ್ತಿಗೇ ತೀರ್ಮಾನಿಸಬಹುದು. ಕಟ್ಟಿದ ಪ್ಯಾಕೇಜನ್ನೇ ಹಂಚುವ ಡೆಬಿಯನ್ನಿಗೆ ಈ ಅನುಕೂಲ ಇಲ್ಲ. ಒಂದೇ ಕಟ್ಟು ಎಲ್ಲ ಇನಿಟ್‌ಗಳಲ್ಲೂ ಓಡಬೇಕು.

ಆರ್ಚ್‌ನಿಂದ ಹುಟ್ಟಿದ ಆರ್ಟಿಕ್ಸ್ ಸೇವೆಯ ಪ್ರೊಗ್ರಾಮನ್ನು ಒಂದು ಪ್ಯಾಕೇಜಿನಲ್ಲೂ ಅದನ್ನು ಆರಂಭಿಸುವ ಕಡತವನ್ನು ಇನ್ನೊಂದರಲ್ಲೂ ಇಡುತ್ತದೆ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸೇವೆಗೆ ಓಪನ್‌ಆರ್‌ಸಿ, ರನ್‌ಇಟ್, ಎಸ್6, ಡಿನಿಟ್ ಹೀಗೆ ನಾಲ್ಕು ಪುಟ್ಟ ಪ್ಯಾಕೇಜುಗಳು. ಬೇಕಾದ್ದೊಂದನ್ನು ಹಾಕಿಕೊಂಡರೆ ಆಯಿತು. ಪ್ರೊಗ್ರಾಮ್ ನೋಡಿಕೊಳ್ಳುವವರೂ ಇನಿಟ್ ನೋಡಿಕೊಳ್ಳುವವರೂ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ಅಡ್ಡಬರದೆ ಕೆಲಸ ಮಾಡಬಹುದು. ವಾಯ್ಡ್ ವಿತರಣೆ ರನ್‌ಇಟ್ ಒಂದನ್ನೇ ಆರಿಸಿಕೊಂಡು ಅದನ್ನೇ ಚೆನ್ನಾಗಿ ನಡೆಸುತ್ತಿದೆ.

ಎದುರು ದಿಕ್ಕಿನ ಉದಾಹರಣೆಯೂ ಉಂಟು. ಹಳೆಯ ಮೊಬೈಲುಗಳಿಗೆ ಹೊಸ ಬದುಕು ಕೊಡುವ ಪೋಸ್ಟ್‌ಮಾರ್ಕೆಟ್‌ಓಎಸ್ ಆಲ್ಪೈನ್ ವಿತರಣೆಯ ಮೇಲೆ ನಿಂತಿದೆ. ಆಲ್ಪೈನ್ ಬಳಸುವುದು ಓಪನ್‌ಆರ್‌ಸಿ. ಗ್ನೋಮ್ ಮತ್ತು ಕೆಡಿಇ ಡೆಸ್ಕ್‌ಟಾಪುಗಳು ಸಿಸ್ಟಮ್‌ಡಿಯನ್ನು ನೆಚ್ಚುವುದು ಹೆಚ್ಚಾದಂತೆ ಅವನ್ನು ಓಪನ್‌ಆರ್‌ಸಿಯಲ್ಲಿ ನಡೆಸುವ ಶ್ರಮವೂ ಹೆಚ್ಚಿತು. 2024ರ ಮಾರ್ಚಿನಲ್ಲಿ ಆ ತಂಡ ಸಿಸ್ಟಮ್‌ಡಿಯನ್ನು ಸೇರಿಸುವುದಾಗಿ, ಓಪನ್‌ಆರ್‌ಸಿಯನ್ನೂ ಉಳಿಸಿಕೊಳ್ಳುವುದಾಗಿ ಪ್ರಕಟಿಸಿತು. ಇಲ್ಲಿ ಸಿಸ್ಟಮ್‌ಡಿಯೇ ಪರ್ಯಾಯ. ಯಾವುದು ಮುಖ್ಯ, ಯಾವುದು ಪರ್ಯಾಯ ಎಂಬುದು ವಿತರಣೆಯಿಂದ ವಿತರಣೆಗೆ ಬದಲಾಗುತ್ತದೆ. ಕೆಲಸದ ಸ್ವರೂಪ ಬದಲಾಗುವುದಿಲ್ಲ.

ಚಿಕ್ಕ ಒಪ್ಪಂದದ ಬೆಲೆ

ಸೇವೆ ಮತ್ತು ಇನಿಟ್ ನಡುವಿನ ಸಂಪರ್ಕ ಎಷ್ಟು ತೆಳುವಾಗಿರಬಹುದು ಎಂಬುದಕ್ಕೆ ಸಿದ್ಧ ಸೂಚನೆ ಒಳ್ಳೆಯ ಉದಾಹರಣೆ. ಸೇವೆ ಕೆಲಸಕ್ಕೆ ಸಿದ್ಧವಾದಾಗ ಸಿಸ್ಟಮ್‌ಡಿಗೆ ಹೇಳಬೇಕು. ವಿಧಾನ ಇಷ್ಟೇ: ಸಿಸ್ಟಮ್‌ಡಿ ಒಂದು ಸಾಕೆಟ್ಟಿನ ವಿಳಾಸವನ್ನು ಸೇವೆಯ ಪರಿಸರದಲ್ಲಿ ಇಟ್ಟಿರುತ್ತದೆ, ಸೇವೆ ಆ ವಿಳಾಸಕ್ಕೆ ಒಂದು ಸಾಲು ಕಳಿಸುತ್ತದೆ. ವಿಳಾಸ ಇಲ್ಲದಿದ್ದರೆ ಏನೂ ಮಾಡದೆ ಮುಂದೆ ಹೋಗುತ್ತದೆ. ಹಾಗಾಗಿ ಅದೇ ಪ್ರೊಗ್ರಾಮ್ ಬೇರೆ ಇನಿಟ್ಟಿನಲ್ಲೂ ತಕರಾರಿಲ್ಲದೆ ಓಡುತ್ತದೆ. ಎಸ್6 ಇದೇ ಕೆಲಸಕ್ಕೆ ಇನ್ನೂ ಸರಳ ದಾರಿ ಹಿಡಿದಿದೆ: ಮೊದಲೇ ತೆರೆದಿಟ್ಟ ಒಂದು ಕೊಳವೆಗೆ ಸೇವೆ ಒಂದು ಸಾಲು ಬರೆದು ಮುಚ್ಚಿದರೆ ಸಾಕು.

ಆದರೆ ಒಂದು ಸಾಲು ಕಳಿಸುವ ಈ ಕೆಲಸಕ್ಕಾಗಿ ಡೆಬಿಯನ್ ಸೇರಿ ಹಲವು ವಿತರಣೆಗಳು ಎಸ್‌ಎಸ್‌ಎಚ್ ಸೇವೆಗೆ ಸಿಸ್ಟಮ್‌ಡಿಯ ಇಡೀ ಲೈಬ್ರರಿಯನ್ನು ಜೋಡಿಸಿದ್ದವು. ಆ ಲೈಬ್ರರಿಯ ಜೊತೆ ಎಕ್ಸ್‌ಜೆಡ್ ಎಂಬ ಸಂಕುಚನ ಲೈಬ್ರರಿಯೂ ಒಳಬರುತ್ತಿತ್ತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಎಕ್ಸ್‌ಜೆಡ್‌ನ ಹೊಸ ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಹಿಂಬಾಗಿಲು ಇಟ್ಟಿರುವುದನ್ನು ಬಯಲು ಮಾಡಿದರು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ನಿಧಾನವಾದದ್ದು ಅವರನ್ನು ಅನುಮಾನಕ್ಕೆ ಹಚ್ಚಿತ್ತು. ಆ ಆವೃತ್ತಿಗಳು ಡೆಬಿಯನ್ನಿನ ಸ್ಥಿರ ಬಿಡುಗಡೆಗೆ ಇನ್ನೂ ತಲುಪಿರಲಿಲ್ಲ. ತಪ್ಪು ಸಿಸ್ಟಮ್‌ಡಿಯದಾಗಿರಲಿಲ್ಲ; ಬೇಕಾದ್ದಕ್ಕಿಂತ ದೊಡ್ಡ ಗಂಟು ಹಾಕಿದ್ದು ದಾಳಿಗೆ ದಾರಿಯಾಯಿತು. ಅದೇ ವರ್ಷ ಬಂದ ಓಪನ್‌ಎಸ್‌ಎಸ್‌ಎಚ್ 9.8, ಸಿದ್ಧ ಸೂಚನೆಯನ್ನು ಯಾವ ಲೈಬ್ರರಿಯ ನೆರವೂ ಇಲ್ಲದೆ ತಾನೇ ಕಳಿಸುವಂತೆ ಬರೆದುಕೊಂಡಿತು.

ಪರ್ಯಾಯ ಇನಿಟ್‌ಗಳಿಗೆ ನೆರವಾಗುವ ಶಿಸ್ತೂ ಭದ್ರತೆಗೆ ನೆರವಾಗುವ ಶಿಸ್ತೂ ಇಲ್ಲಿ ಒಂದೇ ಆಗಿವೆ. ಸೇವೆ ಮತ್ತು ಇನಿಟ್ ನಡುವಿನ ಒಪ್ಪಂದವನ್ನು ಚಿಕ್ಕದಾಗಿಡಬೇಕು, ಬರೆದು ಪ್ರಕಟಿಸಬೇಕು, ಎದುರಿಗೆ ಯಾರಿದ್ದಾರೆ ಎಂಬುದನ್ನು ಓಡುವಾಗ ಕೇಳಿ ತಿಳಿಯಬೇಕು. ಸೇವೆ ಹಿನ್ನೆಲೆಗೆ ಓಡಿಹೋಗದೆ ಮುನ್ನೆಲೆಯಲ್ಲೇ ನಡೆಯುವ ಆಯ್ಕೆ ಕೊಟ್ಟರೆ, ದಾಖಲೆಯನ್ನು ಮಾಮೂಲಿ ಹೊರದಾರಿಗೆ ಬರೆದರೆ, ನಿಲ್ಲು ಎಂಬ ಸಂಕೇತಕ್ಕೆ ಸರಿಯಾಗಿ ನಿಂತರೆ ಯಾವ ಇನಿಟ್ಟಾದರೂ ಅದನ್ನು ನಡೆಸಬಲ್ಲದು.

ಒಪ್ಪಂದದ ಜೊತೆಗೆ ಪರೀಕ್ಷೆ ಬೇಕು. ಪ್ರತಿ ಪ್ಯಾಕೇಜ್ ಬದಲಾದಾಗಲೂ ಎರಡನೆಯ ಇನಿಟ್ ಇರುವ ಯಂತ್ರವೊಂದು ಬೂಟ್ ಆಗಿ, ಸೇವೆ ಎದ್ದಿತೇ, ನಿಂತಿತೇ, ಮತ್ತೆ ಎದ್ದಿತೇ ಎಂದು ನೋಡಬೇಕು. ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಒಂದು ಸಾಧಾರಣ ಲ್ಯಾಪ್‌ಟಾಪಿನೊಳಗೆ ಓಡುವ ವರ್ಚುವಲ್ ಯಂತ್ರ ಸಾಕು. ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಅಂಥ ಯಂತ್ರದಲ್ಲಿ ಸಿಸ್‌ವಿ ಇನಿಟ್ ಹಾಕಿ, ಕೆಡುವ ಸೇವೆಯೊಂದನ್ನು ಗುರುತಿಸಿ, ಸ್ಕ್ರಿಪ್ಟನ್ನು ತಿದ್ದಿ ಡೆಬಿಯನ್ನಿಗೆ ಕಳಿಸಿದರೆ ಅದು 2019ರ ನಿರ್ಣಯ ಕೇಳಿದ ದುಡಿಮೆಯೇ ಆಗುತ್ತದೆ, ಆ ನಿರ್ಣಯದಂತೆ ಸಕಾಲದ ಉತ್ತರಕ್ಕೂ ಅರ್ಹವಾಗುತ್ತದೆ. 10 ವರ್ಷಗಳ ವಾದ, ಎರಡು ಮತದಾನ, ಒಂದು ಕವಲು ವಿತರಣೆ ಇವೆಲ್ಲದರಿಂದ ಸಿದ್ಧವಾದ ಮಾತು ಇದು: ನಿಯಮದಲ್ಲಿ ಬರೆದ ಮಾತ್ರಕ್ಕೆ ಯಾವ ಇನಿಟ್ಟೂ ಉಳಿಯುವುದಿಲ್ಲ; ಅದನ್ನು ದಿನವೂ ಬೂಟ್ ಮಾಡಿ, ಕೆಟ್ಟದ್ದನ್ನು ತಿದ್ದುವವರು ಇರುವಲ್ಲಿ ಮಾತ್ರ ಉಳಿಯುತ್ತದೆ.